ದೇವರ ಜಗಲಿಯ ಮೇಲಿದ್ದ ಪೆಟ್ಟಿಗೆ

ಮನೆಯಲ್ಲಿ ಎಲ್ಲಾದರೂ ತಾಟು ಬಿದ್ದು ಸದ್ದಾದರೆ ನಾನು ಮೊದಲು ಮೊಮ್ಮಗಳ ತೊಟ್ಟಿಲಿಗೆ ಓಡುತ್ತೇನೆ. ಬೆಚ್ಚಿದ ಕೂಸು ಮತ್ತೆ ಮೈ ಸಡಿಲ ಬಿಟ್ಟಿತೋ ಇಲ್ಲವೋ ನೋಡಿದ ಮೇಲೆಯೇ ನನಗೆ ಉಸಿರು. ಸೊಸೆ ನಗುತ್ತಾಳೆ. "ಅತ್ತೀ, ತಾಟು ಬಿದ್ದದ್ದು ಅಡಿಗಿಮನ್ಯಾಗ್ರಿ!" ನಗಲಿ ಪಾಪ. ನಾನು ಕೇಳುತ್ತಿರುವುದು ಬೇರೆ ಸದ್ದು ಎಂದು ಅವಳಿಗೆ ಹೇಳಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ನವಲಗುಂದದ ರಸ್ತೆಯಲ್ಲಿ ಬಸ್ಸಿಳಿದು ಎರಿ ಮಣ್ಣಿನ ಹೊಲದ ದಾರಿಯಲ್ಲಿ ಒಂದು ಹರದಾರಿ ನಡೆದರೆ ಸಿಗುವ ಊರಿಗೆ ಸೊಸೆಯಾಗಿ ಬಂದಿದ್ದೆ. ಒಂಬತ್ತನೆಯ ಇಯತ್ತೆ ಓದಿದ್ದೇನೆ ಎನ್ನುವ ಒಂದೇ ಕಾರಣಕ್ಕೆ ನನ್ನನ್ನು ಮಹಿಳಾ ಮಂಡಳದ ಕಾರ್ಯದರ್ಶಿ ಮಾಡಿದರು. ಅಧ್ಯಕ್ಷರು ನಮ್ಮತ್ತೆ. ಮಂಡಳವೆಂದರೆ ಸೋಮವಾರ ಮಠದ ಕಟ್ಟೆಯ ಮೇಲೆ ಭಜನೆ, ಭಜನೆ ಮುಗಿದ ಮೇಲೆ ಆ ದಿನ ಬಾರದವರ ಸುದ್ದಿ.

ಇಂಥ ಮಂಡಳಕ್ಕೆ ಬ್ಲಾಕ್ ಆಫೀಸಿನಿಂದ ಸಣ್ಣದೊಂದು ಅನುದಾನ ಬಂತು. ಹುಟ್ಟಿದ ಎಂಟು ದಿನದೊಳಗೆ ಕೂಸುಗಳು ಹೋಗಿಬಿಡುವುದು ನಿಲ್ಲಲಿ ಎಂದು ಗ್ರಾಮಸೇವಕಿಬಾಯಿ ಓಡಾಡಿ ತಂದದ್ದು. ಅದರಲ್ಲಿ ಹಸಿರು ಬಣ್ಣದ ತಗಡಿನ ಪೆಟ್ಟಿಗೆ ಕೊಂಡೆವು. ಒಳಗೆ ಕೆಂಪು ಸಾಬೂನು, ಉಗುರು ತಿಕ್ಕುವ ಬ್ರಶ್ಶು, ಕಾಗದ ಸುತ್ತಿದ ಬ್ಲೇಡುಗಳು, ದಾರ, ಬಿಳಿ ಅರಿವೆ, ಇವನ್ನೆಲ್ಲ ಕುದಿಸಲು ಒಂದು ಬೋಗುಣಿ. ಹೆರಿಗೆಗೆ ಹೋಗುವಾಗ ಸೂಲಗಿತ್ತಿ ಒಯ್ಯಬೇಕು, ಮುಗಿದ ಮೇಲೆ ತಂದಿಡಬೇಕು. ಗ್ರಾಮಸೇವಕಿಬಾಯಿ ಅದನ್ನೆಲ್ಲ ಮಠದ ಕಟ್ಟೆಯ ಮೇಲೆ ಕೂತು ಕಲಿಸಿದರು. ಹೊರಗೇರಿಯ ಸೂಲಗಿತ್ತಿ ಮುದುಕಿ ಕಟ್ಟೆಯ ಕೆಳಗೆ ಬಿಸಿಲಲ್ಲಿ ಕೂತು ಕಲಿತಳು.

ಪೆಟ್ಟಿಗೆ ನಮ್ಮ ಮನೆಗೆ ಬಂತು. ಸರಕಾರದಿಂದ ಬಂದ ಹೊಸ ವಸ್ತು, ಎಲ್ಲೆಂದರಲ್ಲಿ ಇಡಲಾದೀತೇ? ಅತ್ತೆ ಅದಕ್ಕೆ ವಿಭೂತಿ ಹಚ್ಚಿ, ಹೂವೇರಿಸಿ ದೇವರ ಜಗಲಿಯ ಮೇಲಿಟ್ಟರು. ಅದನ್ನು ಬಳಸಬೇಕಾದವಳು ನಮ್ಮ ಹಿತ್ತಲ ಬಾಗಿಲು ದಾಟುವಂತಿರಲಿಲ್ಲ. ಇದು ಒಬ್ಬರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಪೆಟ್ಟಿಗೆಯ ಕೀಲಿಕೈ ನನ್ನ ಸೊಂಟಕ್ಕೆ ಬಂದದ್ದೇ ನನಗೆ ದೊಡ್ಡಸ್ತಿಕೆಯಾಗಿತ್ತು.

ಅತ್ತೆ ಮದುವೆಗೆಂದು ಅಣ್ಣಿಗೇರಿಗೆ ಹೋಗಿದ್ದ ದಿನ, ಮಧ್ಯಾಹ್ನ, ಮುದುಕಿ ಹಿತ್ತಲಲ್ಲಿ ಬಂದು ನಿಂತಳು. ನಮ್ಮ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹುಡುಗಿಗೆ ಹೆರಿಗೆ ಬೇನೆ ಶುರುವಾಗಿತ್ತು. ಅದು ಅವಳ ಚೊಚ್ಚಲು. ನನ್ನದೇ ವಯಸ್ಸಿನವಳು, ಬದುವಿನ ಮೇಲೆ ಕೂತು ನನಗೆ ಹಾಡು ಕಲಿಸಿದವಳು.

"ಪೆಟ್ಟಿಗಿ ಕೊಡ್ರಿ ಅವ್ವಾರ."

ಮರುದಿನ ಬ್ಲಾಕ್ ಆಫೀಸಿನ ಸಾಹೇಬರು ಪೆಟ್ಟಿಗೆ ನೋಡಲು ಬರುವವರಿದ್ದರು. ಚೆನ್ನಾಗಿ ಇಟ್ಟುಕೊಂಡರೆ ಮುಂದಿನ ವರ್ಷವೂ ಅನುದಾನ ಎಂದಿದ್ದರು. ಬ್ಲೇಡಿನ ಕಾಗದ ಹರಿದರೆ, ಸಾಬೂನು ಸವೆದರೆ ಅವರ ಕಣ್ಣಿಗೆ ಬೀಳುತ್ತದೆ ಎಂದು ನನ್ನ ಲೆಕ್ಕ.

"ನಾಳೆ ಸಾಹೇಬ್ರು ಬರ್ತಾರ. ನಾಡಿದ್ದ ಒಯ್ಯಿ," ಎಂದೆ.

"ಕೂಸು ನಾಡಿದ್ದಿನತನಾ ತಡೀತೈತೇನ್ರಿ?"

ನಾನು ನಕ್ಕೆ. ಹೌದು, ನಕ್ಕೆ. ಒಳಗೆ ಹೋಗಿ ಹಳೇ ಸೀರೆಯ ಒಂದು ತುಂಡು, ಒಂದಿಷ್ಟು ಅರಿಷಿಣ ತಂದು ಕೊಟ್ಟೆ. ದೊಡ್ಡ ಉಪಕಾರ ಮಾಡಿದೆ ಎಂದುಕೊಂಡೆ. ಮುದುಕಿ ತುಂಡನ್ನು ಮಡಚಿಕೊಂಡು ಹೋದಳು.

ಗಂಡು ಹುಟ್ಟಿತು. ಮರುದಿನ ಸಾಹೇಬರು ಮುಚ್ಚಳ ತೆಗೆದು ನೋಡಿ, "ಅಗದಿ ಛಲೋ ಇಟ್ಟೀರಿ, ಒಂದು ಸಾಮಾನಕ್ಕೂ ಕೈ ಹತ್ತಿಲ್ಲ," ಎಂದು ಹೊಗಳಿದರು. ನನ್ನ ಎದೆ ಉಬ್ಬಿತು. ಆ ಉಬ್ಬಿದ ಎದೆಯ ನೆನಪಾದರೆ ಈಗಲೂ ನನಗೆ ನನ್ನ ಮೇಲೆ ಅಸಹ್ಯವಾಗುತ್ತದೆ.

ಐದನೆಯ ದಿನದ ಐದೇಶಿ ಪೂಜೆಗೆ ಕೊಬ್ಬರಿ ಬೆಲ್ಲ ಕಳಿಸಿದ್ದೆ. ಕೂಸು ಚೆನ್ನಾಗಿ ಹಾಲು ಕುಡಿಯುತ್ತಿದೆ ಎಂದರು. ಏಳನೆಯ ದಿನ ಕುಡಿಯುವುದನ್ನು ಬಿಟ್ಟಿತು. ಅತ್ತೆಗೆ ಹೇಳದೆ ಹೋಗಿ ಆ ಹುಡುಗಿಯ ಮನೆ ಬಾಗಿಲಲ್ಲಿ ನಿಂತೆ. ಕೂಸಿನ ಬಾಯಿ ಬಿಗಿದುಕೊಂಡಿತ್ತು, ತುಟಿ ನಕ್ಕ ಹಾಗೆ ಎಳೆದಿತ್ತು. ಯಾರದೋ ಕೈತಪ್ಪಿ ಒಂದು ತಾಟು ನೆಲಕ್ಕೆ ಬಿತ್ತು. ಆ ಸದ್ದಿಗೆ ಅಷ್ಟು ಸಣ್ಣ ಮೈ ಬಿಲ್ಲಿನ ಹಾಗೆ ಬಾಗಿ ಮೇಲೆದ್ದಿತು, ಎಷ್ಟು ಹೊತ್ತಾದರೂ ಇಳಿಯಲಿಲ್ಲ. "ಬಾಲಗ್ರಹ," ಎಂದಳು ಅಜ್ಜಿಯೊಬ್ಬಳು. ತಾಯಿ ನನ್ನ ಕಡೆ ನೋಡಿ, "ಮೊಲಿ ಹಿಡಿವಲ್ದ್ರಿ ಅವ್ವಾರ," ಎಂದಷ್ಟೇ ಹೇಳಿದಳು. ಎಂಟನೆಯ ದಿನ ಕೂಸು ಹೋಯಿತು.

ಮುಂದಿನ ಸಲ ಬಂದಾಗ ಗ್ರಾಮಸೇವಕಿಬಾಯಿ ನನ್ನೆದುರಿಗೇ ಮುದುಕಿಯನ್ನು ಕೇಳಿದ್ದು ಒಂದೇ ಪ್ರಶ್ನೆ: "ಹೊಕ್ಕಳಬಳ್ಳಿ ಯಾದರಲೆ ಕೊಯ್ದಿರಿ?"

"ಕುಡಗೋಲಲೆರಿ," ಎಂದಳು ಮುದುಕಿ.

"ಧನುರ್ವಾಯು. ಅದಕ್ಕ ಅಲ್ಲೇನು ಪೆಟ್ಟಿಗಿ ಕೊಟ್ಟದ್ದು?"

ನಾನಾಗಿ ಬಾಯಿ ಬಿಡುತ್ತೇನೆಂದು ಮುದುಕಿ ಕಾದಳೇನೋ. ಕಡೆಗೆ ಅವಳೇ, "ಗಡಬಡಿಯೊಳಗ ನೆನಪಾಗಲಿಲ್ರಿ ಬಾಯಾರ," ಎಂದು ತಪ್ಪನ್ನು ತನ್ನ ತಲೆಯ ಮೇಲೆ ಹಾಕಿಕೊಂಡಳು.

ಅಂದೇ ಸಂಜೆ ಪೆಟ್ಟಿಗೆಯನ್ನು ಜಗಲಿಯಿಂದ ಇಳಿಸಿ ಬಗಲಲ್ಲಿ ಇಟ್ಟುಕೊಂಡು ಹೊರಟೆ. "ದೇವರ ಬಾಜು ಇದ್ದದ್ದನ್ನ ಆ ಕೇರಿಗೆ ಒಯ್ತೀಯೇನ?" ಎಂದು ಅತ್ತೆ ಬಾಗಿಲಿಗೆ ಅಡ್ಡ ನಿಂತರು. ನಾನು ಬಾಜು ಸರಿದು ದಾಟಿದೆ. ಮನೆಯಲ್ಲಿ ಒಂದು ತಿಂಗಳು ನನ್ನ ಜೊತೆ ಮಾತಿರಲಿಲ್ಲ. ಮುದುಕಿಯ ಗುಡಿಸಲಲ್ಲಿ ಪೆಟ್ಟಿಗೆಯ ಬಣ್ಣ ಹೋಯಿತು, ಮೂಲೆ ತುಕ್ಕು ಹಿಡಿಯಿತು, ಸಾಬೂನು ಸವೆದು ಬಿಲ್ಲೆಯಾಯಿತು. ನಾನು ಮುಂದಿನ ಅನುದಾನದ ಅರ್ಜಿಯಲ್ಲಿ ಸಾಮಾನು ಮುಗಿದಿದೆ ಎಂದು ಬರೆದೆ. ಬೈದುಕೊಳ್ಳುತ್ತಲೇ ಅತ್ತೆಯೂ ಸಹಿ ಹಾಕಿದರು. ಸಾಬೂನು, ದಾರ, ಬ್ಲೇಡು ಮತ್ತೆ ಬಂದವು. ಎಂಟನೆಯ ದಿನದ ಅಳು ಊರಲ್ಲಿ ಕಡಿಮೆಯಾಗುತ್ತ ಬಂತು.

ಎರಡು ವರ್ಷದ ಮೇಲೆ ಅದೇ ಹುಡುಗಿ ಮತ್ತೆ ಬಸುರಾದಳು. ಈ ಸಲ ನೀರು ಕುದಿಸಲು ನಾನೇ ಹೋಗಿ ಅವಳ ಒಲೆಯ ಮುಂದೆ ಕೂತೆ. ಬೋಗುಣಿಯಲ್ಲಿ ಬ್ಲೇಡು ಕುದಿಯುವುದನ್ನೇ ನೋಡುತ್ತ, ಬೇನೆಯ ನಡುವೆ ಅವಳು ಕೇಳಿದಳು, "ಅವ್ವಾರ, ಈ ಪೆಟ್ಟಿಗಿ ಮೊದಲನೇ ಕೂಸಿನ ಹೊತ್ತಿಗೂ ಊರಾಗಿತ್ತೇನ್ರಿ?"

"ಇಲ್ಲವಾ, ಆಮ್ಯಾಲೆ ಬಂತು," ಎಂದೆ.

"ಹಂಗಾರ ಅದರ ದೈವ ಅಷ್ಟ ಬಿಡ್ರಿ," ಎಂದು ಅವಳು ಕಣ್ಣು ಮುಚ್ಚಿದಳು. ಕೈ ತಿಕ್ಕಿಕೊಳ್ಳುತ್ತಿದ್ದ ಮುದುಕಿ ತಲೆ ಎತ್ತಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಹೆಣ್ಣು ಹುಟ್ಟಿ ಗಟ್ಟಿಯಾಗಿ ಅತ್ತಿತು. ತಾಯಿ ಕೈ ಚಾಚಲಿಲ್ಲ. "ಮೊದಲ ಅವ್ವಾರ ಎತ್ಕೊಳ್ಳಲಿ. ಅವರ ಪೆಟ್ಟಿಗಿಂದ ಉಳದೈತಿ," ಎಂದಳು.

ಮುದುಕಿ ಬಿಳಿ ಅರಿವೆಯಲ್ಲಿ ಸುತ್ತಿದ ಕೂಸನ್ನು ತಂದು, ಪೆಟ್ಟಿಗೆ ಕೇಳಿಕೊಂಡು ಬಂದ ಆ ಮಧ್ಯಾಹ್ನದ ಮೇಲೆ ಮೊದಲ ಸಲ ನನ್ನ ಮುಖ ನೋಡಿದಳು.

"ಹಿಡೀರಿ," ಎಂದಳು.