ಅರ್ಧ ಮುದ್ದೆಯ ಉಸಿರು

ನಾನು ಏಳೇ ತಿಂಗಳಿಗೆ ಹುಟ್ಟಿದವಳಂತೆ. ಹೊಳೆನರಸೀಪುರದ ನಮ್ಮ ಬೀದಿಯಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಆತುರಗಾತಿ, ಹೊಟ್ಟೆಯಲ್ಲೂ ತಡೆಯಲಿಲ್ಲ ಎಂದು ನಗುತ್ತಾರೆ. ನೀವೇ ತೀರ್ಪು ಕೊಡಿ. ಅವ್ವನಿಗೆ ವಾಂತಿ ಶುರುವಾದದ್ದು ಯುಗಾದಿಯ ಹೋಳಿಗೆ ತಿಂದ ದಿನ. ನಾನು ಹುಟ್ಟಿದ್ದು ದೀಪಾವಳಿಗೆ. ಅಲ್ಲಿಂದ ಇಲ್ಲಿಗೇ ಏಳು ತಿಂಗಳು. ಹಾಗಾದರೆ ವಾಂತಿಗೆ ಮುಂಚಿನ ಒಂದೆರಡು ತಿಂಗಳು ನಾನು ಎಲ್ಲಿದ್ದೆ?

ಈ ಹಳೆಯ ವಾದ ನಿನ್ನೆ ಮತ್ತೆ ತಲೆಯೆತ್ತಿದ್ದಕ್ಕೆ ಅವರೆಕಾಳು ಸಾರು ಕಾರಣ. ಅದರ ಘಮಕ್ಕೆ ಪುಸ್ತಕ ಮುಚ್ಚಿ ಅಡುಗೆಮನೆಗೆ ಹೋದರೆ, ಚೊಚ್ಚಲ ಹೆರಿಗೆಗೆ ಬಂದಿರುವ ಅಕ್ಕನ ತಟ್ಟೆಯಿಂದ ಅಜ್ಜಿ ಅರ್ಧ ಮುದ್ದೆ ಮುರಿದು ಎತ್ತಿಕೊಳ್ಳುತ್ತಿದ್ದಳು. ಅಜ್ಜಿ ಅವ್ವನ ತಾಯಿ. ಬಾಣಂತನಕ್ಕೆಂದೇ ಅರಕಲಗೂಡಿನ ಕಡೆಯ ತನ್ನ ಹಳ್ಳಿಯಿಂದ ಬಂದಿದ್ದಾಳೆ. ಬಸುರಿ ಹೊಟ್ಟೆ ತುಂಬ ಉಂಡರೆ ಕೂಸು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬುದು ಅವಳ ಲೆಕ್ಕ. ನಾನು ಹೊಟ್ಟೆಯಲ್ಲಿದ್ದಾಗ ಅವ್ವನಿಗೂ ಇದೇ ಲೆಕ್ಕದಲ್ಲಿ ಬಡಿಸಿದ್ದಳು.

ಫಲ ನಾನೇ, ತಿಂಗಳು ತುಂಬಿದ್ದರೂ ಸಣಕಲು ಕೂಸು. ಮೊರದಲ್ಲಿ ಮಲಗಿಸಿದರೆ ಇನ್ನೆರಡು ಕೂಸಿಗೆ ಜಾಗ ಮಿಗುತ್ತಿತ್ತಂತೆ. ಆಮೇಲೆ ಕೈಕಾಲು ಬೆಳೆದವು, ಉಸಿರು ಬೆಳೆಯಲಿಲ್ಲ. ಹೈಸ್ಕೂಲಿನಲ್ಲಿ ಶ್ರವಣಬೆಳಗೊಳಕ್ಕೆ ಕರೆದೊಯ್ದಾಗ ಎಲ್ಲರೂ ಬೆಟ್ಟ ಹತ್ತಿದರು. ನಾನು ಐವತ್ತು ಮೆಟ್ಟಿಲಿಗೇ ಕೂತೆ. ಕೊನೆಗೆ ಮೇಡಂ ಒಬ್ಬರು ನನ್ನನ್ನು ಇಳಿಸಿಕೊಂಡು, ಪಕ್ಕದ ಜಿನನಾಥಪುರದ ಬಸದಿಗೆ ನಿಧಾನವಾಗಿ ನಡೆಸಿಕೊಂಡು ಹೋದರು. ಹಾಗಾಗಿ ಗೊಮ್ಮಟನ ಪಾದ ನಾನು ಕಂಡಿಲ್ಲ. ಆ ಬಸದಿಯ ಗೋಡೆಯ ಶಿಲ್ಪಗಳನ್ನು ಕೇಳಿ, ಒಂದೊಂದಾಗಿ ಹೇಳುತ್ತೇನೆ. ನಷ್ಟವೇನೂ ಆಗಲಿಲ್ಲ. ಹಾಸನದ ಕಾಲೇಜಿನ ಚರ್ಚಾಸ್ಪರ್ಧೆಯಲ್ಲೂ ಅಷ್ಟೆ. ನನ್ನ ವಾಕ್ಯಗಳು ಚಿಕ್ಕವು, ಹರಿತ ಎಂದು ತೀರ್ಪುಗಾರರು ಹೊಗಳಿ ಮೆಡಲ್ ಕೊಟ್ಟರು. ಉದ್ದದ ವಾಕ್ಯಕ್ಕೆ ನನ್ನಲ್ಲಿ ಉಸಿರಿಲ್ಲ ಎಂದು ನಾನೂ ಹೇಳಹೋಗಲಿಲ್ಲ.

ಹೋದ ವರ್ಷ ಅವ್ವ ಹಾಸನದ ಲೇಡಿ ಡಾಕ್ಟರಿಗೆ ತೋರಿಸಿದಳು. ಒಂದೇ ಉಸಿರಿಗೆ ಎಣಿಸು ಎಂದರು, ಇಪ್ಪತ್ತಕ್ಕೆ ನಿಂತೆ. ಉಬ್ಬಸವಲ್ಲ ಎಂದವರು ಅವ್ವನತ್ತ ತಿರುಗಿ, ಬಸುರಿಯಾಗಿದ್ದಾಗ ಏನು ಉಣ್ಣುತ್ತಿದ್ದಿರಿ ಎಂದು ಕೇಳಿದರು. ಅವ್ವ ಸೆರಗಿನ ಅಂಚು ನೋಡುತ್ತಾ ಅರ್ಧ ಮುದ್ದೆಯ ಲೆಕ್ಕ ಹೇಳಿದಳು. ಡಾಕ್ಟರು ನನಗೆ ವಿವರಿಸಿದರು.

"ಹೊಟ್ಟೇಲಿ ಸಾಲದೆ ಬಂದ್ರೆ, ಕೂಸು ಇರೋದನ್ನ ಮೊದಲು ಮೆದುಳಿಗೆ ಕೊಡುತ್ತಮ್ಮ. ಶ್ವಾಸಕೋಶಕ್ಕೆ ಪಾಲು ಕಡಿಮೆ ಬೀಳುತ್ತೆ, ಗಾಳಿಗೂಡುಗಳು ಪೂರ್ತಿ ಬೆಳೆಯಲ್ಲ. ಇದು ನನ್ನ ಊಹೆ. ಅಳೆದು ತೋರಿಸೋಕೆ ನನ್ನ ಹತ್ರ ಏನೂ ಇಲ್ಲ."

ಊಹೆಯನ್ನು ಊಹೆ ಎಂದೇ ಹೇಳಿದ ಮೊದಲ ಹಿರಿಯರು ಅವರು; ಅದಕ್ಕೇ ನಂಬಿದೆ. ಮೆದುಳಿಗೆ ಮೊದಲು ಎಂಬ ಭಾಗವನ್ನಂತೂ ಕಾಲೇಜಿಗೆಲ್ಲ ಹೇಳಿಕೊಂಡು ತಿರುಗಿದೆ.

ಇಷ್ಟೆಲ್ಲ ಸಾಕ್ಷ್ಯ ಇಟ್ಟುಕೊಂಡು ನಿನ್ನೆ ಅಜ್ಜಿಯ ಎದುರು ನಿಂತೆ. ಹುಟ್ಟುವ ಕೂಸಿಗೂ ನನ್ನ ಉಸಿರೇ ಬರಲಿ ಅಂತಲಾ ಎಂದೆ. ಅಜ್ಜಿ ಮುದ್ದೆ ಹಿಡಿದ ಕೈ ಇಳಿಸಲಿಲ್ಲ.

"ನಿಮ್ಮಕ್ಕ ಉಟ್ಟೋವಾಗ ಕೂಸು ದಪ್ಪ ಇತ್ತು ಕಣೆ. ಮೂರ್ ದಿನ ನಿಮ್ಮವ್ವ ಕಿರುಚಿದ್ದು ನೀನ್ ಕೇಳಿಲ್ಲ, ನಾನ್ ಕೇಳಿವ್ನಿ. ನಿನ್ ಉಸ್ರು ಗಿಡ್ಡ ಆಯ್ತು, ಸರಿ. ನಿಮ್ಮವ್ವ ಉಳುದ್ಲು."

ಮೂಢನಂಬಿಕೆ ಎಂದು ವಾದ ಹೂಡಿದ್ದ ನನಗೆ ಅಲ್ಲಿ ಸಿಕ್ಕಿದ್ದು ಅಜ್ಜಿಯ ಹೆದರಿಕೆ. ದನಿ ತಗ್ಗಿಸಿ, ಈಗ ಹಾಸನಕ್ಕೆ ಬಸ್ಸಿದೆ, ರೈಲಿದೆ, ಆ ಡಾಕ್ಟರಿದ್ದಾರೆ, ಅಕ್ಕನನ್ನು ದಿನ ತುಂಬುವ ಮುಂಚೆಯೇ ಅಲ್ಲಿ ಸೇರಿಸುತ್ತೇನೆ ಎಂದೆ. ಅಜ್ಜಿ ಇನ್ನೊಂದು ಕೈಯನ್ನು ಅಕ್ಕನ ಹೊಟ್ಟೆಯ ಮೇಲಿಟ್ಟಳು.

"ನೀನೇ ಕರ್ಕಂಡೋಗ್ಬೇಕು. ಏನಾರ ಆದ್ರೆ ನಿನ್ ಮೆಡ್ಲು ಗಿಡ್ಲು ನನ್ ಮುಂದೆ ತರ್ಬ್ಯಾಡ."

ಅರ್ಧ ಮುದ್ದೆ ತಟ್ಟೆಗೆ ವಾಪಸ್ಸು ಬಿತ್ತು. ಅಕ್ಕ ತಲೆಯೆತ್ತದೆ ಉಂಡಳು, ಇನ್ನೊಂದು ಸೌಟು ಸಾರನ್ನೂ ಕೇಳಿದಳು. ಅಜ್ಜಿ ಗೊಣಗುತ್ತಲೇ ತುಪ್ಪ ತರಲು ಎದ್ದಳು. ನಾನು ಗೆದ್ದೆ ಎನ್ನಲಾರೆ, ಆದರೆ ಬಹಳ ಖುಷಿಯಾಗಿತ್ತು.

ಒಲೆಯ ಮುಂದಿದ್ದ ಅವ್ವ ಅಷ್ಟು ಹೊತ್ತೂ ಅಕ್ಕ ಉಣ್ಣುವುದನ್ನೇ ನೋಡುತ್ತಿದ್ದಳು. ಇಷ್ಟು ವರ್ಷ ನನ್ನ ತಿಂಗಳು ಎಣಿಸಿದೆ, ನನ್ನ ಉಸಿರು ಎಣಿಸಿದೆ. ಅವಳನ್ನು ಏನೂ ಕೇಳಿರಲಿಲ್ಲ. ಪಕ್ಕದಲ್ಲಿ ಕೂತು ಕೇಳಿದೆ:

"ಅವ್ವಾ, ನಾನ್ ಹೊಟ್ಟೇಲಿದ್ದಾಗ ಅರ್ಧಕ್ಕೇ ಎದ್ದು ಕೈ ತೊಳೀತಿದ್ಯಲ್ಲ, ಆಗ ನಿಂಗೆ ಹಸಿವಾಗ್ತಿರ್ಲಿಲ್ವಾ?"