ತಿಕೋಟಾದಾಗ ರಗ್ಬಿ ತಿಕೀಟು

ನಮ್ಮ ಬಬಲೇಶ್ವರದ ಕಡೆ ನನ್ನಂಥ ಮಾತುಗಾರ ಇನ್ನೊಬ್ಬನಿರಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ವಿಜಾಪುರದಲ್ಲಿ ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಾದ ಸಿಪಾಯಿಗಳ ರಗ್ಬಿ ಪಂದ್ಯ ನಿಗದಿಯಾಯಿತು. ತಿಕೀಟು ಮಾರಲು, ಅದರ ಗುತ್ತಿಗೆ ಹಿಡಿದಿದ್ದ ನಮ್ಮ ಸಾಹುಕಾರರು ನನ್ನನ್ನು ತಿಕೋಟಾಕ್ಕೆ ಅಟ್ಟಿದರು. ಮಾರದೆ ಬಂದರೆ ಕೆಲಸವಿಲ್ಲ ಅಂದಿದ್ದರು.

ಹಲಗಿ ಬಾರಿಸಿ ಗಂಟಲು ಹರಿದುಕೊಂಡರೂ ಒಂದೂ ತಿಕೀಟು ಹೋಗಲಿಲ್ಲ. ಗರಡಿಯ ಉಸ್ತಾದ ಹುಸೇನಸಾಬ ಕಾಕಾ ನಕ್ಕರು. "ಲೇ ತಮ್ಮಾ, ಕುಸ್ತಿಗೆ ಮೊದಲ ಪೈಲ್ವಾನನ್ನ ತೋರಸ್ತಾರ. ನಿನ್ನ ಪೈಲ್ವಾನ ಎಲ್ಲಿ?"

"ನಾಳೆ ತರ್ತೀನ್ರಿ ಕಾಕಾ!" ಅಂದುಬಿಟ್ಟೆ.

ಮರುದಿನ ವಿಜಾಪುರಕ್ಕೆ ಹೋಗಿ, ಆ ಪಂದ್ಯ ಆಡಲಿದ್ದ ಆಸ್ಟ್ರೇಲಿಯಾದ ಸಿಪಾಯಿಯೊಬ್ಬನನ್ನು ಕೈಸನ್ನೆಯಲ್ಲೇ ಒಪ್ಪಿಸಿ ಟಾಂಗಾದಲ್ಲಿ ಗರಡಿಗೆ ಕರೆತಂದೆ. ಕಾಕಾ ಅವನ ತೋಳು, ತೊಡೆ ಹಿಚುಕಿ ನೋಡಿದರು. ಅವನು ನಗುತ್ತ ಅಂಗಿ ಕಳಚಿ ಕಾಕಾನ ಜೋಡಿ ದಂಡ ಹೊಡೆದ.

"ಹುಡುಗ ಚಲೋ ಅದಾನ. ಹಾಲು ಕುಡಸ್ರಿ ಇವಂಗ!" ಅಂದರು ಕಾಕಾ. ತಿಕೀಟು ಅಲ್ಲೇ ಖಾಲಿ.

ಪಂದ್ಯದ ದಿನ ಚೆಂಡು ಹಿಡಿದು ಓಡುತ್ತಿದ್ದ ಅವನ ಮೇಲೆ ನಾಲ್ಕು ಮಂದಿ ಬಿದ್ದರು. ತಿಕೋಟಾದವರೆಲ್ಲ ಎದ್ದು ನಿಂತರು.

"ಒಬ್ಬನ ಮ್ಯಾಲೆ ನಾಲ್ಕು ಮಂದಿ ಏನಲೇ? ಬಿಡ್ರಿ ನಮ್ಮ ಹುಡುಗನ್ನ!" ಎಂದು ಕಾಕಾ ಮೈದಾನಕ್ಕೇ ನುಗ್ಗಿದರು. ಚೆಂಡು ಹಿಡಿದವನನ್ನ ಕೆಡವೋದೇ ಈ ಆಟ ಅಂತ ಸಾಹುಕಾರರು ಕೂಗುತ್ತಿದ್ದರೂ ಕಾಕಾನ ಬೆನ್ನಿಗೆ ನಾನೂ ನುಗ್ಗಿದೆ. ತಿಕೀಟು ಮಾರುವವನಿಗೆ ಆಟದ ಕಾಯಿದೆಯೂ ಗೊತ್ತಿರಬೇಕು ಅಂತ ಯಾರು ಹೇಳಿದ್ದರು?