ಮೇಷ್ಟ್ರ ವಾಚು, ಚಿಕ್ಕಸ್ವಾಮಿಯ ಎಡಗೈ

ಪಾಂಡವಪುರದ ಬಸ್ ನಿಲ್ದಾಣದ ಪಕ್ಕ ವಾಚು ರಿಪೇರಿ ಮಾಡುವ ಚಿಕ್ಕಸ್ವಾಮಿ ಹುಟ್ಟಾ ಎಡಚ. ಮೂರನೇ ಕ್ಲಾಸಿನಲ್ಲಿ ನರಸಯ್ಯ ಮೇಷ್ಟ್ರು ಬೆತ್ತದಲ್ಲಿ ಬಾರಿಸಿ ಬಲಗೈ ರೂಢಿ ಮಾಡಿಸಿದ್ದರು. ಅಂದಿನಿಂದ ನಾಲ್ಕು ಜನರ ಎದುರು ಬಲಗೈ. ನಾಜೂಕಿನ ಕೆಲಸವಿದ್ದರೆ, ಅಂಗಡಿಯಲ್ಲಿ ಒಬ್ಬನೇ ಇದ್ದಾಗ, ಎಡಗೈ.

ಇವತ್ತು ಅದೇ ಮೇಷ್ಟ್ರು ಕೀ ಕೊಡುವ ಹಳೇ ವಾಚು ತಂದು, ಊರುಗೋಲು ಹಿಡಿದು ಎದುರಿಗೇ ಕೂತಿದ್ದರು.

"ನಾಳೆ ಬನ್ನಿ ಸಾ."

"ಮಾಡ್ಲಾ, ಕಾಯ್ತೀನಿ."

ವಾಚಿನ ಸ್ಪ್ರಿಂಗು ತುಂಡಾಗಿತ್ತು. ಹೊಸದನ್ನು ಬೆರಳಲ್ಲೇ ಸುತ್ತುತ್ತಾ ವಾಚಿನೊಳಗಿನ ಪುಟ್ಟ ಡಬ್ಬಿಯಲ್ಲಿ ಕೂರಿಸಬೇಕು. ಒಂದು ಸುತ್ತು ಓರೆಯಾದರೂ ವಾಚು ನಡೆಯದು. ಬಲಗೈಯಲ್ಲಿ ಮೊದಲ ಸಲ ಸುತ್ತಿದಾಗ ಸ್ಪ್ರಿಂಗು ಚಿಮ್ಮಿ ಹೆಬ್ಬೆರಳು ಕೊಯ್ಯಿತು. ಎರಡನೇ ಸಲ ಕೊನೆಯ ಸುತ್ತಿನಲ್ಲಿ ಜಾರಿತು. ಆ ಅಳತೆಯದು ಇದ್ದದ್ದು ಅದೊಂದೇ. ಇನ್ನೊಮ್ಮೆ ಚಿಮ್ಮಿದರೆ ಸೊಟ್ಟಗಾಗಿ ಕೆಡುತ್ತದೆ.

"ಯಾಕ್ಲಾ ಅಂಗೆ ಬೆವರ್ತಿದ್ದೀಯ?"

"ಸುಮ್ಕೆ ಕುಂತ್ಕಳಿ ಸಾ!" ಚಿಕ್ಕಸ್ವಾಮಿ ರೇಗಿದ.

ಎಡಗೈ ತಾನಾಗಿಯೇ ಸ್ಪ್ರಿಂಗಿನತ್ತ ಹೋಯಿತು, ಅರ್ಧದಲ್ಲೇ ಬೆಚ್ಚಿ ನಿಂತಿತು. ಅವನ ಕಣ್ಣು ಊರುಗೋಲಿನ ಮೇಲಿತ್ತು.

ಮೇಷ್ಟ್ರು ಆ ಕೈಯನ್ನೂ ನೋಡಿದರು, ಆ ಕಣ್ಣನ್ನೂ ನೋಡಿದರು. ಆಮೇಲೆ ಊರುಗೋಲನ್ನು ನೆಲಕ್ಕಿಟ್ಟು, ಕಾಲಲ್ಲಿ ಬೆಂಚಿನಡಿಗೆ ತಳ್ಳಿದರು.

"ಎಡಗೈಲೇ ಸುತ್ಲಾ."